ಜ್ವರ ಇಳಿಯುತ್ತದೆ, ಮತ್ತೆ ಏರುತ್ತದೆ. ಸಾಲ ಮಾತ್ರ ಏರುತ್ತಲೇ ಹೋಗುತ್ತದೆ



ಎರಡು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಜ್ವರ ಬಂದು, ಸೂಜಿ ಮಾಡಿಸಿದ ಮೇಲೆ ಬಿಟ್ಟು, ಎಂಟು ಹತ್ತು ದಿನಕ್ಕೆ ಮತ್ತೆ ಬಂದು, ಹೀಗೆ ತಿಂಗಳುಗಟ್ಟಲೆ ಕಾಡಿದ್ದುಂಟೇ? ಉಂಟು ಎಂದಾದರೆ, ಆ ಜ್ವರಕ್ಕೆ ಮೊದಲು ನಿಮ್ಮ ದನದ ಮನೆಯಲ್ಲಿ ಆಕಳೋ ಎಮ್ಮಿಯೋ, ಹಿಂಡಿನಲ್ಲಿ ಕುರಿಯೋ ಆಡೋ ಕಂದು ಹಾಕಿತ್ತೇ?

ಈ ಎರಡು ಪ್ರಶ್ನೆಗಳನ್ನು ಜೋಡಿಸಿ ಮೂರು ತಿಂಗಳ ತನಕ ಯಾರೂ ನಮ್ಮನ್ನು ಕೇಳಲಿಲ್ಲ. ಕೇಳದೆ ಹೋದದ್ದಕ್ಕೆ ನಮ್ಮ ಮನೆ ಎಷ್ಟು ತೆತ್ತಿತು ಎಂಬುದನ್ನು ಲೆಕ್ಕ ಸಹಿತ ಬರೆಯುತ್ತೇನೆ. ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ತಾಲೂಕುಗಳಲ್ಲಿ ದನ ಕುರಿ ಇಲ್ಲದ ಊರಿಲ್ಲ. ಆದ್ದರಿಂದ ಇದು ನಮ್ಮೊಬ್ಬರ ಮನೆಯ ಗೋಳು ಎಂದು ಓದಬೇಡಿರಿ.

ಹೋದ ಸಲದ ಕಾರ ಹುಣ್ಣಿಮೆಯ ಹೊತ್ತಿಗೆ, ಬ್ಯಾಂಕಿನ ಸಾಲದಲ್ಲಿ ತಂದ ನಮ್ಮ ಮಿಶ್ರತಳಿ ಆಕಳು ಏಳು ತಿಂಗಳ ಗಬ್ಬವಿದ್ದಾಗ ಕಂದು ಹಾಕಿತು. ಕಸ ಬೀಳಲಿಲ್ಲ. ರಾತ್ರಿ ಹೊತ್ತು, ಪಶುವೈದ್ಯರು ಸಿಗಲಿಲ್ಲ. ನನ್ನ ತಮ್ಮ ಅಂಗಿಯ ತೋಳು ಮಡಚಿ ಬರಿಗೈಯಿಂದಲೇ ಕಸ ತೆಗೆದ. ಅವನ ಮುಂಗೈಗೆ ಎರಡು ದಿನದ ಹಿಂದೆ ಕುಡಗೋಲು ತಾಗಿದ ಗಾಯವಿತ್ತು. ಸತ್ತ ಕರವನ್ನೂ ಕಸವನ್ನೂ ತಿಪ್ಪೆಗೆ ಒಗೆದೆವು. ಬೆಳಗಾಗುವುದರೊಳಗೆ ನಾಯಿಗಳು ಎಳೆದಾಡಿದ್ದವು. ನಮ್ಮ ಅವ್ವ, 'ಯಾರದೋ ಕಣ್ಣು ಬಿದ್ದೈತಿ' ಎಂದಳು. ನಾವೂ ಹಾಗೇ ತಿಳಿದೆವು.

ಪಂಚಮಿಗೆ ನಾಲ್ಕು ದಿನ ಇದೆ ಎನ್ನುವಾಗ ತಮ್ಮನಿಗೆ ಜ್ವರ ಹಿಡಿಯಿತು. ಸಂಜೆಯಾದರೆ ಏರುವುದು, ನಡುರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು, ಮುಂಜಾನೆ ಎದ್ದರೆ ಏನೂ ಆಗದವರ ಹಾಗೆ. ಊರ ಡಾಕ್ಟರರು ಸೂಜಿ ಮಾಡಿದರು, ನಿಂತಿತು. ಮತ್ತೆ ಬಂತು. ಪಟ್ಟಣದ ಒಂದು ಖಾಸಗಿ ದವಾಖಾನೆಗೆ ಒಯ್ದೆವು. ರಕ್ತ ತೆಗೆದು ಟೈಫಾಯ್ಡ್ ಎಂದರು. ಸಲಾಯಿನ್ ಬಾಟ್ಲಿ ಏರಿಸಿದರು, ಐದು ದಿನ ಇಟ್ಟುಕೊಂಡರು, ಬಿಟ್ಟರು. ಹನ್ನೆರಡು ದಿನಕ್ಕೆ ಮತ್ತೆ ಜ್ವರ. ಎರಡನೆಯ ದವಾಖಾನೆಯಲ್ಲಿ ಮತ್ತೆ ರಕ್ತ, ಮತ್ತೆ ಟೈಫಾಯ್ಡ್, ಮತ್ತೆ ಬಾಟ್ಲಿ. ಆ ಹೊತ್ತಿಗೆ ನಡ ಹಿಡಿದು ಬಗ್ಗಲಾಗದಂತಾಗಿತ್ತು. ಮೂರನೆಯ ಕಡೆ ಬೆನ್ನುಮೂಳೆಯ ಕ್ಷಯ ಇರಬಹುದೆಂದು ಹೆದರಿಸಿದರು.

ಈಗ ಲೆಕ್ಕ. ಕೈಯಲ್ಲಿದ್ದ 20,000 ರೂಪಾಯಿ ಮೊದಲ ತಿಂಗಳಿಗೇ ತೀರಿತು. ಆಮೇಲೆ ಸಾವಕಾರನಿಂದ ನೂರಕ್ಕೆ ತಿಂಗಳಿಗೆ ಮೂರರಂತೆ 50,000 ತಂದೆವು. ವರ್ಷಕ್ಕೆ ಬಡ್ಡಿಯೇ 18,000. ಕಡಲೆಗೆ 2025-26ರ ಹಂಗಾಮಿನ ಬೆಂಬಲ ಬೆಲೆ ಕ್ವಿಂಟಲಿಗೆ 5,650 ರೂಪಾಯಿ. ಆ ಬೆಲೆ ಪೂರಾ ಸಿಕ್ಕರೂ ಮೂರು ಕ್ವಿಂಟಲಿಗೆ ಮಿಕ್ಕಿದ ಕಡಲೆ ಬರೀ ಬಡ್ಡಿಗೆ ಹೋಗಬೇಕು, ಅಸಲು ಇದ್ದಲ್ಲೇ ಇರುತ್ತದೆ. ಇನ್ನು ಆ ಕಡಲೆಯಾದರೂ ಎಲ್ಲಿಂದ ಬರಬೇಕು? ಬಿತ್ತುವ ಹೊತ್ತಿಗೆ ದುಡಿಯುವ ಆಳು ಹಾಸಿಗೆ ಹಿಡಿದಿದ್ದ. ನಾಲ್ಕು ಎಕರೆ ಎರೆಹೊಲವನ್ನು ಪಾಲಿಗೆ ಹಾಕಿದೆವು.

ಇದಕ್ಕಿಂತ ನೋಯಿಸಿದ್ದು ಊರ ಮಾತು. ಹಗಲು ನೆಟ್ಟಗೆ ಕಾಣುತ್ತಾನೆ, ದುಡಿ ಎಂದರೆ ಮೈಗಳ್ಳತನ ಮಾಡುತ್ತಾನೆ ಎಂದರು. ಮೂವತ್ತೆರಡು ವರ್ಷದ ಗಂಡಾಳು ಕಟ್ಟೆಯ ಮೇಲೆ ಕುಳಿತು ಅಳುವುದನ್ನು ನೋಡಿದ್ದೇನೆ. ಆ ಅಳುವೂ ಈ ರೋಗದ್ದೇ ಒಂದು ಲಕ್ಷಣವೆಂದು ಆಗ ನಮಗೆ ಗೊತ್ತಿರಲಿಲ್ಲ.

ನಮ್ಮ ತಂಗಿಯನ್ನು ಕೊಟ್ಟಿದ್ದು ವಿಜಯಪುರದ ಕಡೆ. ದೀಪಾವಳಿಗೆ ಬಂದ ಬೀಗರು ತಮ್ಮನನ್ನು ನೋಡಿ ಜೊತೆಗೆ ಕರೆದುಕೊಂಡು ಹೋದರು. ಅಲ್ಲಿಯ ವೈದ್ಯರು ನಾಡಿ ಹಿಡಿಯುವುದಕ್ಕೂ ಮೊದಲು ಕೇಳಿದ್ದು ಇದು: 'ಮನಿಯಾಗ ದನ ಕುರಿ ಅದಾವೇನು? ಯಾವುದರ ಕಂದ ಹಾಕಿತ್ತೇನು?' ಎರಡೇ ಮಾತು. ಮೂರು ತಿಂಗಳು, ಎಪ್ಪತ್ತು ಸಾವಿರ ರೂಪಾಯಿ, ನಾಲ್ಕು ಎಕರೆಯ ಬೆಳೆ ಈ ಎರಡು ಮಾತಿನ ದಾರಿ ಕಾಯುತ್ತಿದ್ದವು!

ಆ ಸೀಮೆಯ ವೈದ್ಯರಿಗೆ ಈ ಪ್ರಶ್ನೆ ಬಾಯಿಗೆ ಬರುವುದಕ್ಕೆ ಕಾರಣವಿದೆ. ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಕಾಲೇಜಿನಲ್ಲಿ ಡಾ. ಬಿ. ಜಿ. ಮಂಟೂರ ಮತ್ತು ಅವರ ಸಂಗಡಿಗರು ಹದಿನಾರು ವರ್ಷ ಈ ರೋಗದ ಬೆನ್ನು ಹತ್ತಿದರು. ಬೇರೆ ಬೇರೆ ಕಾಯಿಲೆಯೆಂದು ಬಂದ 26,948 ವಯಸ್ಕ ರೋಗಿಗಳ ರಕ್ತವನ್ನು ಇದಕ್ಕಾಗಿ ಪರೀಕ್ಷೆ ಮಾಡಿಸಿದರು. 495 ಜನರಲ್ಲಿ ರೋಗ ಸಿಕ್ಕಿತು. 2006ರಲ್ಲಿ ಇದನ್ನು ಪ್ರಕಟಿಸಿದರು. ಅದಕ್ಕೂ ಮೊದಲು 2004ರಲ್ಲಿ 93 ಮಕ್ಕಳ ವಿಷಯವನ್ನು ಪ್ರಕಟಿಸಿದ್ದರು. ನೂರು ರೋಗಿಗಳಲ್ಲಿ ಹೆಚ್ಚುಕಡಿಮೆ ಇಬ್ಬರು! ಹುಡುಕಿದರು, ಸಿಕ್ಕಿತು. ಮಲಪ್ರಭೆ ದಾಟಿ ಕೃಷ್ಣೆ ದಾಟಿದರೆ ವಿಜಯಪುರ. ಅಲ್ಲಿಯ ಕುರಿ ನಮ್ಮ ಹೊಲದಲ್ಲಿ ನಿಲ್ಲುತ್ತವೆ, ನಮ್ಮ ದನ ಅಲ್ಲಿಯ ಸಂತೆಗೆ ಹೋಗುತ್ತವೆ. ಹೊಳೆಯ ಆಚೆ ಇರುವ ರೋಗ ಹೊಳೆಯ ಈಚೆ ಇಲ್ಲವೆಂದು ನಂಬುವುದು ಹೇಗೆ?

ರೋಗದ ಹೆಸರು ಬ್ರುಸೆಲ್ಲೋಸಿಸ್. ನಮ್ಮ ಪಶುವೈದ್ಯರು ಕಂದುರೋಗ ಎನ್ನುತ್ತಾರೆ. ಹಳೆಯ ಪುಸ್ತಕಗಳಲ್ಲಿ ಮಾಲ್ಟಾ ಜ್ವರ. ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೈನಿಕರು ಈ ಜ್ವರದಿಂದ ಮಲಗುತ್ತಿದ್ದಾಗ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ 1887ರಲ್ಲಿ ಅದರ ರೋಗಾಣುವನ್ನು ಕಂಡುಹಿಡಿದ. 1905ರಲ್ಲಿ ಅಲ್ಲಿಯವನೇ ಆದ ಝಮ್ಮಿತ್ ಎಂಬ ವೈದ್ಯ ಅದು ಆಡಿನ ಹಾಲಿನಿಂದ ಬರುತ್ತದೆಂದು ತೋರಿಸಿದ. ಮರುವರ್ಷವೇ ದಂಡಿನ ಅಡಿಗೆಮನೆಗೆ ಆಡಿನ ಹಾಲು ಬಂದ್ ಆಯಿತು, ಸೈನಿಕರ ಜ್ವರ ಇಳಿಯಿತು. ಊರ ಬಡಜನರ ಜ್ವರ ಮಾತ್ರ ಆಮೇಲೂ ಎಷ್ಟೋ ವರ್ಷ ಮುಂದುವರಿಯಿತು. ದಂಡಿಗೊಂದು ನ್ಯಾಯ, ದುಡಿಯುವವರಿಗೊಂದು ನ್ಯಾಯ ಎಂಬುದು ಆಗಲೂ ಇತ್ತು.

ಇನ್ನು ಲಕ್ಷಣ. ಇದನ್ನು ನಿಧಾನವಾಗಿ ಓದಿರಿ, ಓದಲು ಬಾರದವರಿಗೆ ಓದಿ ಹೇಳಿರಿ.

ರೋಗಾಣು ಮೈ ಹೊಕ್ಕ ಒಂದು ವಾರದಿಂದ ನಾಲ್ಕು ವಾರದೊಳಗೆ ಸಾಮಾನ್ಯವಾಗಿ ಜ್ವರ ಸುರುವಾಗುತ್ತದೆ. ಕೆಲವರಲ್ಲಿ ತಿಂಗಳುಗಟ್ಟಲೆ ತಡವಾಗುತ್ತದೆ, ಆಗ ಕಂದು ಹಾಕಿದ್ದೇ ಮರೆತು ಹೋಗಿರುತ್ತದೆ. ಜ್ವರ ಒಂದೇ ಸಮನೆ ಇರುವುದಿಲ್ಲ. ಸಂಜೆಗೆ ಏರಿ ಬೆಳಿಗ್ಗೆ ಇಳಿಯಬಹುದು, ಕೆಲವು ವಾರ ಇದ್ದು ಕೆಲವು ದಿನ ಪೂರಾ ಬಿಟ್ಟು ಮತ್ತೆ ಬರಬಹುದು. ರಾತ್ರಿ ಬೆವರು ಬಹಳ. ಬೆವರಿಗೆ ಹಸಿ ಹುಲ್ಲು ಮುಗ್ಗಿದಂಥ ವಾಸನೆ ಇರುವುದೂ ಉಂಟು. ನಡ, ಚಪ್ಪೆ, ಮೊಣಕಾಲು ಹಿಡಿಯುತ್ತವೆ. ಹಸಿವಿಲ್ಲ, ಮೈ ಇಳಿಯುತ್ತದೆ. ಕೈಕಾಲಿನಲ್ಲಿ ಕಸುವೇ ಇರುವುದಿಲ್ಲ. ಮನಸ್ಸು ಕುಗ್ಗುತ್ತದೆ, ಯಾವುದೂ ಬೇಡವೆನಿಸುತ್ತದೆ. ಗಂಡಸರಲ್ಲಿ ಕೆಲವರಿಗೆ ತರಡು ಬಾತು ನೋಯುತ್ತದೆ. ನಾಚಿಕೊಂಡು ಡಾಕ್ಟರರಿಗೆ ಹೇಳುವುದೇ ಇಲ್ಲ, ಹೇಳಿದ್ದರೆ ರೋಗದ ಗುರುತು ಅಲ್ಲೇ ಸಿಗುತ್ತಿತ್ತು. ಬಸುರಿ ಹೆಂಗಸರಿಗೆ ಈ ರೋಗದಿಂದ ಗರ್ಭ ಇಳಿಯಬಹುದು. ಬಿಟ್ಟರೆ ಬೆನ್ನುಮೂಳೆಯಲ್ಲಿ ಕೂರುತ್ತದೆ, ಯಕೃತ್ತು ಗುಲ್ಮ ಬಾಯುತ್ತವೆ, ಅಪರೂಪಕ್ಕೆ ಹೃದಯದ ಕವಾಟಕ್ಕೂ ಹತ್ತುತ್ತದೆ. ಈ ರೋಗದಲ್ಲಿ ಸಾಯುವವರು ಕಡಿಮೆ, ಸತ್ತವರಲ್ಲಿ ಹೆಚ್ಚಿನವರು ಹೃದಯಕ್ಕೆ ಹತ್ತಿ ಸತ್ತವರು.

ಇವೆಲ್ಲ ಟೈಫಾಯ್ಡಿಗೂ ಹೋಲುತ್ತವೆ, ಮಲೇರಿಯಕ್ಕೂ, ಕ್ಷಯಕ್ಕೂ, ವಾತಕ್ಕೂ ಹೋಲುತ್ತವೆ. ಡಾಕ್ಟರರನ್ನು ಅಷ್ಟರ ಮಟ್ಟಿಗೆ ದೂರುವುದಿಲ್ಲ. ಆದರೆ ಟೈಫಾಯ್ಡ್ ಎಂದು ತೀರ್ಮಾನಿಸುವ ವೈಡಾಲ್ ಪರೀಕ್ಷೆ ಹಿಂದೆಂದೋ ಬಂದು ಹೋದ ಟೈಫಾಯ್ಡಿನಿಂದಲೂ 'ಇದೆ' ಎಂದು ತೋರಿಸಬಲ್ಲದು ಎಂಬುದು ಡಾಕ್ಟರರಿಗೆ ಗೊತ್ತಿರುವ ಮಾತೇ. ಎರಡು ಸಲ ಟೈಫಾಯ್ಡಿನ ಮದ್ದು ಕೊಟ್ಟರೂ ಜ್ವರ ಮರಳಿ ಬಂದರೆ ಮೂರನೆಯ ಸಲವೂ ಅದೇ ಮದ್ದನ್ನೇ ಬರೆಯುವುದು ಯಾವ ವೈದ್ಯಶಾಸ್ತ್ರ?

ಪರೀಕ್ಷೆ ದೊಡ್ಡ ಯಂತ್ರದ್ದಲ್ಲ. ರೋಸ್ ಬೆಂಗಾಲ್ ಎಂಬ ಪರೀಕ್ಷೆಯಲ್ಲಿ ರಕ್ತದ ನೀರಿನ ಒಂದು ಹನಿಗೆ ಬಣ್ಣದ ದ್ರಾವಣದ ಒಂದು ಹನಿ ಕೂಡಿಸಿ ನಾಲ್ಕು ನಿಮಿಷ ಅಲ್ಲಾಡಿಸಿ ನೋಡುತ್ತಾರೆ. ಕಾಳುಕಟ್ಟಿದರೆ ಸಂಶಯ ಗಟ್ಟಿ. ಆಮೇಲೆ ಕೊಳವೆಯಲ್ಲಿ ಮಾಡುವ ಪರೀಕ್ಷೆಯಿಂದ ಪ್ರಮಾಣ ನೋಡುತ್ತಾರೆ. ರಕ್ತದಲ್ಲಿ ರೋಗಾಣು ಬೆಳೆಸಿಯೂ ನೋಡಬಹುದು, ಆದರೆ ಅದಕ್ಕೆ ದಿನ ಹಿಡಿಯುತ್ತದೆ. ಯಾವ ಸಂಶಯದಿಂದ ರಕ್ತ ಕಳಿಸಿದ್ದು ಎಂಬುದನ್ನು ಪ್ರಯೋಗಾಲಯದವರಿಗೆ ಮೊದಲೇ ಹೇಳಬೇಕು, ಏಕೆಂದರೆ ಈ ರೋಗಾಣು ಅಲ್ಲಿ ಕೆಲಸ ಮಾಡುವವರಿಗೂ ಹತ್ತುತ್ತದೆ.

ಮದ್ದೂ ಹೊಸದಲ್ಲ. ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್, ಎರಡನ್ನೂ ಕೂಡಿಸಿ ಆರು ವಾರ. ಇಲ್ಲವೆ ಡಾಕ್ಸಿಸೈಕ್ಲಿನ್ ಆರು ವಾರ, ಜೊತೆಗೆ ಎರಡು ಮೂರು ವಾರ ಸ್ಟ್ರೆಪ್ಟೋಮೈಸಿನ್ ಸೂಜಿ. ಇವೆಲ್ಲ ಸರಕಾರವೇ ಅವಶ್ಯಕ ಔಷಧಿಗಳ ಪಟ್ಟಿಯಲ್ಲಿ ಸೇರಿಸಿರುವ ಮದ್ದುಗಳು. ಒಂದೇ ಗುಳಿಗೆ ಹತ್ತು ದಿನ ನುಂಗಿದರೆ ಜ್ವರ ಬಿಟ್ಟಂತೆ ಮಾಡಿ ಮರಳುತ್ತದೆ. ನಮ್ಮಲ್ಲಿ ಆದದ್ದು ಅದೇ. ರಿಫಾಂಪಿಸಿನ್ ನುಂಗಿದರೆ ಮೂತ್ರ ಕೆಂಪಾಗುತ್ತದೆ, ಹೆದರಿ ಬಿಡಬೇಡಿರಿ. ಬಸುರಿಯರಿಗೆ, ಸಣ್ಣ ಮಕ್ಕಳಿಗೆ ಬೇರೆ ಮದ್ದು ಬೇಕಾಗುತ್ತದೆ. ಆದ್ದರಿಂದ ಇದನ್ನು ಓದಿ ಔಷಧಿ ಅಂಗಡಿಗೆ ಹೋಗಬೇಡಿರಿ, ಡಾಕ್ಟರರ ಬಳಿಗೆ ಹೋಗಿರಿ. ಹೋದಾಗ ಮೊದಲ ಮಾತು ಜ್ವರದ್ದಾಗಿರದೆ ಇದಾಗಿರಲಿ: 'ನಮ್ಮ ಆಕಳ ಕಂದ ಹಾಕೈತ್ರಿ, ಕಸ ನಾನ ತಗದೀನಿ.'

ಈಗ ದನದ ಮನೆಗೆ ಬರೋಣ. ಆಕಳು ಐದು ತಿಂಗಳು ದಾಟಿದ ಮೇಲೆ ಕಂದು ಹಾಕಿದರೆ, ಕಸ ಬೀಳದಿದ್ದರೆ, ಕುರಿ ಆಡು ಕೊನೆಯ ಎರಡು ತಿಂಗಳಲ್ಲಿ ಒಂದರ ಹಿಂದೊಂದು ಕಂದು ಹಾಕಿದರೆ, ಹೋರಿಗೆ ತರಡು ಬಾತರೆ ಕಂದುರೋಗದ ಸಂಶಯ ಪಡಲೇಬೇಕು. ಮುಂದಿನ ಸಲ ಅದೇ ಆಕಳು ಚೆನ್ನಾಗಿ ಈದೀತು, ಹಾಲೂ ಕೊಟ್ಟೀತು. ಒಳಗೆ ರೋಗ ಇದ್ದೇ ಇರುತ್ತದೆ, ಹಾಲಿನಲ್ಲಿ ಇಳಿಯುತ್ತಲೇ ಇರುತ್ತದೆ. ಕಾಯಿಸಿದ ಹಾಲಿನಿಂದ ಭಯವಿಲ್ಲ, ಉಕ್ಕು ಬರುವಂತೆ ಕುದಿಸಿದರೆ ರೋಗಾಣು ಸಾಯುತ್ತದೆ. ಮಕ್ಕಳಿಗೆ ಕೆಚ್ಚಲಿನಿಂದಲೇ ಕುಡಿಸುವ ನೊರೆಹಾಲು, ಕುರಿ ಕಾಯುವಲ್ಲಿ ಹಿಂಡಿ ಹಾಗೇ ಕುಡಿಯುವ ಆಡಿನ ಹಾಲು, ಸರಿಯಾಗಿ ಬೇಯದ ಈಲಿ, ಇವು ದಾರಿ. ಎಲ್ಲಕ್ಕಿಂತ ದೊಡ್ಡ ದಾರಿ ಕಂದು ಹಾಕಿದ ಕಸ ಮತ್ತು ನೀರು. ಕೈಗೆ ರಬ್ಬರ್ ಚೀಲವಿಲ್ಲದಿದ್ದರೆ ಗಟ್ಟಿ ಪ್ಲಾಸ್ಟಿಕ್ ಚೀಲವನ್ನಾದರೂ ಮೊಣಕೈತನಕ ಕಟ್ಟಿಕೊಳ್ಳಿರಿ. ಕಸ, ಕರ ಎರಡನ್ನೂ ಆಳ ತಗ್ಗಿನಲ್ಲಿ ಸುಣ್ಣ ಹಾಕಿ ಹುಗಿಯಿರಿ. ದನದ ಮನೆ ಬಳಿಯುವವರು, ಹಾಲು ಹಿಂಡುವವರು ನಮ್ಮ ಹೆಣ್ಣುಮಕ್ಕಳು. ಬಸುರಿಯಾದ ಸೊಸೆಯನ್ನು ಆ ಕೆಲಸಕ್ಕೆ ಕಳಿಸಬೇಡಿರಿ.

ಇದನ್ನೆಲ್ಲ ಅಧಿಕಾರಿಗಳೂ ಹೇಳುತ್ತಾರೆ. 'ರೈತರಿಗೆ ತಿಳುವಳಿಕೆ ಇಲ್ಲ' ಎಂಬುದು ಅವರ ನೆಚ್ಚಿನ ಮಾತು. ಸರಿ, ನಮಗೆ ತಿಳುವಳಿಕೆ ಇರಲಿಲ್ಲ. ನಿಮಗಿತ್ತಲ್ಲ, ಅದನ್ನು ಇಟ್ಟುಕೊಂಡು ಏನು ಮಾಡಿದಿರಿ?

ಹಾಲಿನ ಡೇರಿಯನ್ನೇ ತೆಗೆದುಕೊಳ್ಳಿರಿ. ಹಾಲು ಹಾಕಿದ ಕೂಡಲೇ ಜಿಡ್ಡು ಅಳೆಯುತ್ತಾರೆ, ನೀರು ಕೂಡಿದೆಯೇ ಎಂದು ಅಳೆಯುತ್ತಾರೆ. ಒಂದು ಅಂಶ ಕಡಿಮೆಯಾದರೆ ಬೆಲೆ ಕತ್ತರಿಸುತ್ತಾರೆ. ಅದೇ ಹಾಲಿನಲ್ಲಿ ಒಂದು ಚಮಚೆಗಿಂತ ಕಡಿಮೆ ತೆಗೆದು, ಬಣ್ಣ ಕಟ್ಟಿದ ಮದ್ದಿನ ಒಂದು ಹನಿ ಬಿಟ್ಟು, ಮೈ ಬಿಸಿಯಷ್ಟು ಬೆಚ್ಚಗೆ ಒಂದು ತಾಸು ಇಟ್ಟರೆ, ಆ ಹಾಲು ಕಂದುರೋಗದ ಆಕಳದ್ದಾದರೆ ಮೇಲಿನ ಕೆನೆಯಲ್ಲಿ ನೀಲಿ ಉಂಗುರ ಮೂಡುತ್ತದೆ. ಇದಕ್ಕೆ ಹಾಲಿನ ಉಂಗುರ ಪರೀಕ್ಷೆ ಎಂದೇ ಹೆಸರು. ಊರಿನ ಆಕಳ ಹಾಲೆಲ್ಲ ಕೂಡಿದ ಕ್ಯಾನಿನಲ್ಲೇ ನೋಡಬಹುದು. ಉಂಗುರ ಕಂಡರೆ ಆಮೇಲೆ ಮನೆ ಮನೆಯ ಆಕಳ ರಕ್ತ ನೋಡಬೇಕು. ಬೆಲೆ ಕತ್ತರಿಸುವ ಪರೀಕ್ಷೆ ನಮ್ಮೂರಿಗೆ ದಿನಕ್ಕೆರಡು ಸಲ ಬರುತ್ತದೆ. ಜೀವ ಉಳಿಸುವ ಪರೀಕ್ಷೆ ಒಮ್ಮೆಯೂ ಬಂದದ್ದನ್ನು ನಾನು ಕಂಡಿಲ್ಲ. ಆಕಳಿಗೆ ಸಾಲ ಕೊಟ್ಟ ಬ್ಯಾಂಕು ಪಹಣಿ ಕೇಳಿತು, ಜಾಮೀನು ಕೇಳಿತು, ಫೋಟೊ ಕೇಳಿತು. ಆಕಳ ರಕ್ತ ಪರೀಕ್ಷೆ ಆಗಿದೆಯೇ ಎಂದು ಕೇಳಲಿಲ್ಲ. ಅದು ಕಂದು ಹಾಕಿದ್ದು ಮೂರನೆಯ ಕಂತಿನ ಹೊತ್ತಿಗೆ, ನೋಟೀಸು ಬಂದದ್ದು ಐದನೆಯದಕ್ಕೆ.

2019ರಲ್ಲಿ ಕೇಂದ್ರ ಸರಕಾರ ಕಾಲುಬಾಯಿ ಬೇನೆ ಮತ್ತು ಕಂದುರೋಗ ಎರಡನ್ನೂ ಅಳಿಸುತ್ತೇವೆಂದು ಐದು ವರ್ಷಕ್ಕೆ 13,343 ಕೋಟಿ ರೂಪಾಯಿಯ ರಾಷ್ಟ್ರೀಯ ಕಾರ್ಯಕ್ರಮ ಸಾರಿತು. ಕಂದುರೋಗಕ್ಕೆ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರಗಳಿಗೆ ಜೀವಮಾನದಲ್ಲಿ ಒಂದೇ ಸಲ ಹಾಕುವ ಲಸಿಕೆ ಇದೆ. ಒಳ್ಳೆಯ ಲಸಿಕೆ, ಹಾಕಿಸಿರಿ, ಆ ನಾಲ್ಕು ತಿಂಗಳು ತಪ್ಪಿದರೆ ತಪ್ಪಿದಂತೆಯೇ. ಆದರೆ ಅದು ಆಕಳು ಎಮ್ಮಿಯ ಕರಗಳಿಗೆ ಮಾತ್ರ. ಕುರಿ ಆಡಿಗೆ ಕಂದುರೋಗದ ಲಸಿಕೆ ಆ ಕಾರ್ಯಕ್ರಮದಲ್ಲಿ ಇಲ್ಲ. ವಿಜಯಪುರದ ರೋಗಿಗಳ ರಕ್ತದಲ್ಲಿ ಬಹುಮಟ್ಟಿಗೆ ಸಿಕ್ಕ ರೋಗಾಣು ಯಾವುದು? ಕುರಿ ಆಡುಗಳದೇ ಆದ ಮೆಲಿಟೆನ್ಸಿಸ್ ಎಂಬ ಜಾತಿ, ಮನುಷ್ಯನನ್ನು ಹೆಚ್ಚು ಕಾಡುವಂಥದು. ಬೆಂಕಿ ಒಂದು ಮನೆಗೆ ಬಿದ್ದರೆ ನೀರು ಇನ್ನೊಂದು ಮನೆಗೆ ಹೊಯ್ದಂತಾಯಿತು. ಗಜೇಂದ್ರಗಡದ ಗುಡ್ಡದ ಸಾಲಿನಲ್ಲಿ ಹಿಂಡು ಕಾಯುವ ಕುರಿಗಾರನೂ, ಗೊಬ್ಬರಕ್ಕೆಂದು ಹೊಲದಲ್ಲಿ ಆ ಹಿಂಡು ನಿಲ್ಲಿಸಿಕೊಳ್ಳುವ ನಾವೂ ಈ ಲೆಕ್ಕದಲ್ಲಿ ಬರುವುದೇ ಇಲ್ಲವೇ?

ಇನ್ನು ನಮ್ಮ ತಪ್ಪು. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾದೀತು. ಕಂದು ಹಾಕಿದ ಆಕಳನ್ನು ನಾವು ಏನು ಮಾಡಿದೆವು? ತಮ್ಮ ಮಲಗಿದ್ದ, ಖರ್ಚಿಗೆ ಹಣ ಬೇಕಾಗಿತ್ತು. ಬ್ಯಾಂಕಿನವರಿಗೂ ತಿಳಿಸದೆ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿದೆವು. ಕಂದು ಹಾಕಿದ್ದನ್ನು ಕೊಂಡವನಿಗೆ ಹೇಳಲಿಲ್ಲ. ದಲಾಲಿಗೆ ಗೊತ್ತಿತ್ತು, ಅವನೂ ಹೇಳಲಿಲ್ಲ. ಆಗ ನನಗೆ ರೋಗದ ಹೆಸರು ಗೊತ್ತಿರಲಿಲ್ಲ ನಿಜ, ಆದರೆ ಏನೋ ಕೆಟ್ಟಿದೆ ಎಂಬುದು ಗೊತ್ತಿತ್ತು. ನಿಮ್ಮಲ್ಲಿ ಎಷ್ಟು ಜನ ಹೀಗೆ ಮಾರಿಲ್ಲ, ಎದೆ ಮುಟ್ಟಿ ಹೇಳಿರಿ.

ಮಾರದೆ ಏನು ಮಾಡಬೇಕು ಎಂಬುದಕ್ಕೆ ಸರಕಾರದ ಬಳಿ ಉತ್ತರವಿದೆಯೇ? 2009ರ ಕೇಂದ್ರ ಕಾಯ್ದೆಯ ಪ್ರಕಾರ ಕಂದುರೋಗದ ಸಂಶಯ ಬಂದರೆ ಅದನ್ನು ತಿಳಿಸುವುದು ದನದ ಒಡೆಯನ ಕರ್ತವ್ಯ. ರೋಗ ಹೊಕ್ಕ ಆಕಳಿಗೆ ಗುಣಪಡಿಸುವ ಮದ್ದು ಕೊಡುವ ರೂಢಿ ಎಲ್ಲಿಯೂ ಇಲ್ಲ, ಬೇರೆ ಕಟ್ಟಬೇಕು ಇಲ್ಲವೆ ತೆಗೆದುಹಾಕಬೇಕು. ರೋಗ ಬೇರೆ ದನಗಳಿಗೆ ಹಬ್ಬುವಂಥದು ಎಂದು ಅಧಿಕೃತ ಪಶುವೈದ್ಯರು ಪ್ರಮಾಣಪತ್ರ ಕೊಡದ ಹೊರತು ತೆಗೆದುಹಾಕುವ ದಾರಿಗೆ 2020ರ ರಾಜ್ಯದ ಕಾಯ್ದೆ ಅಡ್ಡ ನಿಂತಿದೆ. ಆ ಕಾಯ್ದೆ ಸರಿಯೋ ತಪ್ಪೋ ಎಂಬ ಚರ್ಚೆಗೆ ಇಲ್ಲಿ ಹೋಗುವುದಿಲ್ಲ. ನಾನು ಕೇಳುವುದು ಇಷ್ಟೇ: ರೋಗವಿದೆಯೆಂದು ಪ್ರಾಮಾಣಿಕವಾಗಿ ತಿಳಿಸಿದ ರೈತನ ಆಕಳನ್ನು ಸಾಯುವ ತನಕ ಸಾಕುವ ಮೇವು ಯಾರದು? ಅದರ ಮೇಲಿನ ಸಾಲ ಯಾರದು? ಅಮೇರಿಕದಲ್ಲಿ 1934ರ ಬರಗಾಲದಲ್ಲಿ ಸರಕಾರವೇ ರೋಗದ ದನಗಳಿಗೆ ಪರಿಹಾರ ಕೊಟ್ಟು ತೆಗೆದುಕೊಂಡು ಈ ರೋಗದ ನಿರ್ಮೂಲನೆ ಸುರು ಮಾಡಿತು. ತಿಳಿಸಿದವನಿಗೆ ಹಾನಿ, ಮುಚ್ಚಿಟ್ಟವನಿಗೆ ಸಂತೆಯಲ್ಲಿ ರೊಕ್ಕ ಎಂಬ ವ್ಯವಸ್ಥೆ ಇಟ್ಟುಕೊಂಡು ರೋಗ ಅಳಿಸುತ್ತೇವೆ ಎಂದರೆ ನಂಬುವವರು ಯಾರು?

ಗದಗದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿದೆ. ಅದೇ ಗದಗದಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ. ಬೆಂಗಳೂರಿನ ಯಲಹಂಕದಲ್ಲಿ ದನಗಳ ರೋಗ ಎಲ್ಲಿ ಹಬ್ಬುತ್ತಿದೆ ಎಂದು ನೋಡುವುದಕ್ಕೇ ಇರುವ ನಿವೇದಿ ಎಂಬ ರಾಷ್ಟ್ರೀಯ ಸಂಸ್ಥೆ ಇದೆ. ಕಟ್ಟಡಗಳಿಗೆ ಕೊರತೆಯಿಲ್ಲ. ಊರಲ್ಲಿ ಆಕಳು ಕಂದು ಹಾಕಿದರೆ ಪಶುವೈದ್ಯರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು ಚೀಟಿ ಹೋಗಬೇಕು, ಮನುಷ್ಯನಿಗೆ ಈ ಜ್ವರ ಸಿಕ್ಕರೆ ಅಲ್ಲಿಂದ ಇಲ್ಲಿಗೆ ಒಂದು ಚೀಟಿ ಬರಬೇಕು. ಬೇಡುತ್ತಿರುವುದು ಈ ಚೀಟಿಯನ್ನು.

ಆದ್ದರಿಂದ ಮುಂದಿನ ಗ್ರಾಮಸಭೆಗೆ ಬರಿಗೈಯಲ್ಲಿ ಹೋಗಬೇಡಿರಿ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಕಂದುರೋಗದ ರಕ್ತ ಪರೀಕ್ಷೆ ಪುಕ್ಕಟೆ ಆಗುತ್ತದೆಯೇ, ಆರು ವಾರದ ಮದ್ದು ಅಲ್ಲಿ ಸಿಗುತ್ತದೆಯೇ, ನಿಮ್ಮ ಊರಲ್ಲಿ ಎಷ್ಟು ಕರಗಳಿಗೆ ಲಸಿಕೆ ಆಗಿದೆ, ಡೇರಿಯಲ್ಲಿ ಉಂಗುರ ಪರೀಕ್ಷೆ ಯಾವಾಗ ಸುರು ಎಂದು ಬರೆದು ಕೇಳಿರಿ, ಬರೆದ ಉತ್ತರವನ್ನೇ ಪಡೆಯಿರಿ. ಬಾಯಿಮಾತಿನಲ್ಲಿ 'ನೋಡೋಣ' ಎಂದರೆ ಒಪ್ಪಬೇಡಿರಿ. ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಸಾಕು. ಮೂರು ತಾಲೂಕಿನ ಉತ್ತರಗಳನ್ನು ಒಂದೆಡೆ ಇಟ್ಟು ನೋಡಿದರೆ ಜಿಲ್ಲಾಧಿಕಾರಿಗಳ ಮುಂದೆ ಏನು ಮಾತನಾಡಬೇಕು ಎಂಬುದು ತಾನೇ ತಿಳಿಯುತ್ತದೆ.

ನನ್ನ ತಮ್ಮ ಎಳ್ಳ ಅಮವಾಸ್ಯೆಯ ಹೊತ್ತಿಗೆ ಆರು ವಾರದ ಮದ್ದು ಮುಗಿಸಿದ. ಜ್ವರ ಮರಳಿಲ್ಲ. ನಡ ಇನ್ನೂ ಪೂರಾ ಬಗ್ಗದು, ಆದರೂ ಎತ್ತು ಹೂಡಿಕೊಂಡು ಹೊಲಕ್ಕೆ ಹೋಗುತ್ತಾನೆ. ಸಾವಕಾರನ 50,000 ಹಾಗೇ ಇದೆ. ಮಾರಿದ ಆಕಳ ಕಿವಿಯಲ್ಲಿ ಸರಕಾರ ಹಾಕಿದ ಹನ್ನೆರಡು ಅಂಕಿಯ ಹಳದಿ ಬಿಲ್ಲೆ ಇತ್ತು. ಅದರ ಸಂಖ್ಯೆ ಬ್ಯಾಂಕಿನ ಕಾಗದದಲ್ಲಿ ಸಿಕ್ಕಿತು. ಅದನ್ನು ನಮ್ಮ ಪಶುವೈದ್ಯರಿಗೆ ಬರೆದು ಕೊಟ್ಟು, ಆದದ್ದನ್ನೆಲ್ಲ ಹೇಳಿ ಸಹಿ ಮಾಡಿ ಬಂದಿದ್ದೇನೆ. ಆ ಆಕಳನ್ನು ಕೊಂಡವರ ಮನೆ ಇನ್ನೂ ಸಿಕ್ಕಿಲ್ಲ.